ಅಡಿಗೆರೆ ಹಾಕಿದ ನೂರು

ಕುಳಂದೈವೇಲು ಅಂದರೆ ನಮ್ಮ ಕಂಪನಿಯಲ್ಲಿ ಈಗ ಒಂದೇ ಮಾತು: ‘ಅರವತ್ತು ಕೇಸಿಂಗ್ ಒಡೆಸಿದ ಮನುಷ್ಯ.’ ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಮೂವತ್ತೊಂದು ವರ್ಷ ಆತ ಡ್ರಾಯಿಂಗ್ ಬರೆದ ಪಂಪುಗಳು ಪೊಳ್ಳಾಚಿಯಿಂದ ಈರೋಡಿನವರೆಗೆ ಬಾವಿಬಾವಿಯಲ್ಲಿ ನೀರೆತ್ತುತ್ತಿವೆ. ಅದನ್ನು ಹೇಳುವ ಬಾಯಿ ಒಂದೂ ಇಲ್ಲ. ಹಾಗಾಗಿ ನಾನೇ ಹೇಳುತ್ತೇನೆ, ನನ್ನ ಪಾಲಿನದನ್ನೂ ಬಿಡದೆ.

ನಾನು ಸೌಡೇಶ್ವರಿ. ನಮ್ಮದು ಮಗ್ಗದ ಮನೆ. ಕೊಯಮತ್ತೂರಿನಲ್ಲಿ ಎಷ್ಟು ತಲೆಮಾರಾಯಿತೋ ಗೊತ್ತಿಲ್ಲ, ಹೊಸ್ತಿಲ ಒಳಗೆ ಕನ್ನಡ, ಹೊರಗೆ ತಮಿಳು. ಹತ್ತೊಂಬತ್ತನೇ ವಯಸ್ಸಿಗೆ ಪೀಳಮೇಡಿನ ಈ ಪಂಪ್ ಕಂಪನಿಗೆ ಟ್ರೇಸರ್ ಆಗಿ ಸೇರಿದೆ. ದೊಡ್ಡವರು ಪೆನ್ಸಿಲಿನಲ್ಲಿ ಬರೆದ ಡ್ರಾಯಿಂಗಿನ ಮೇಲೆ ತೆಳು ಹಾಳೆ ಹಾಸಿ ಮಸಿಯಲ್ಲಿ ಗೆರೆ ಎಳೆಯುವುದು ನನ್ನ ಕೆಲಸ. ನನಗಿಂತ ಮೂರು ವರ್ಷ ಮೊದಲೇ ಬಂದಿದ್ದ ಕುಳಂದೈವೇಲು, ನನ್ನ ಬಾಯಲ್ಲಿ ವೇಲಣ್ಣ, ಆಗಲೇ ಡ್ರಾಯಿಂಗ್ ಹಾಲಿನ ಒಳ್ಳೆಯ ಕೈ. ಆತನ ಅಪ್ಪ ಇದೇ ಕಂಪನಿಯ ಅಂಗಳದಲ್ಲಿ ಲಾರಿಗೆ ಪಂಪು ಹೊತ್ತು ಹಾಕುತ್ತಿದ್ದವರು. ಮಗ ಐ.ಟಿ.ಐ. ಓದಿ ಮೆಟ್ಟಿಲು ಹತ್ತಿ ಮೇಲಿನ ಡ್ರಾಯಿಂಗ್ ಹಾಲಿಗೆ ಬಂದ ದಿನ ಅಪ್ಪ ಕೆಳಗೆ ನಿಂತು ಕಿಟಕಿ ನೋಡುತ್ತಿದ್ದರಂತೆ. ವೇಲಣ್ಣ ಇದನ್ನು ನೂರು ಸಲ ಹೇಳಿದ್ದಾನೆ, ನಾನು ನೂರು ಸಲವೂ ‘ಹೌದಾ ಅಣ್ಣಾ’ ಅಂದಿದ್ದೇನೆ.

ನಮ್ಮ ಹಾಲಿನ ಒಂದು ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಂದು ಪಂಪಿನ ಯಾವುದೋ ಅಳತೆ ಬದಲಾಯಿತು ಅನ್ನಿ. ಇಡೀ ಹಾಳೆ ಹೊಸದಾಗಿ ಬರೆಯಲು ಎರಡು ದಿನ ಬೇಕು. ಯಾರಿಗಿದೆ ಪುರುಸೊತ್ತು? ನಾನು ಬ್ಲೇಡಿನ ಮೂಲೆಯಿಂದ ಹಳೆಯ ಅಂಕಿಯನ್ನು ಕೆರೆದು, ಉಗುರಿನಿಂದ ಉಜ್ಜಿ ನುಣುಪು ಮಾಡಿ, ಹೊಸ ಅಂಕಿ ಬರೆದು, ಅದರ ಕೆಳಗೆ ಒಂದು ಗೆರೆ ಎಳೆಯುತ್ತಿದ್ದೆ. ಅಡಿಗೆರೆ ಇದ್ದರೆ, ಈ ಅಂಕಿಯೇ ನಿಜ, ಚಿತ್ರ ಹಳೆಯದು ಅಂತ ಅರ್ಥ. ಕೆಳಗೆ ಮರದಲ್ಲಿ ಅಚ್ಚು ಕೆತ್ತುವ ಆರುಚ್ಚಾಮಿ ಆಸಾರಿ ಅದನ್ನು ನೋಡಿದ ಕೂಡಲೇ ತಿಳಿದುಕೊಳ್ಳುತ್ತಿದ್ದರು. ಗೆರೆಯನ್ನು ಅಳೆಯಬೇಡಿ, ಅಂಕಿಯನ್ನು ಓದಿ ಅಂತ ಗೋಡೆಯ ಮೇಲೆ ಬೋರ್ಡೇ ಇತ್ತು. ತೊಂಬತ್ತೆಂಟರಲ್ಲಿ ಕಂಪ್ಯೂಟರ್ ಬಂದಾಗಲೂ ವೇಲಣ್ಣ ಹೆದರಲಿಲ್ಲ. ಬೋರ್ಡಿನ ಮೇಲಿನ ಗೆರೆ ಪರದೆಗೆ ಬಂತು, ಬ್ಲೇಡಿನ ಬದಲು ಮೌಸು ಬಂತು, ಅಡಿಗೆರೆ ಮಾತ್ರ ಹಾಗೇ ಉಳಿಯಿತು. ಆತ ಹೆಡ್ ಆದ. ಕಿಟಕಿಯ ಪಕ್ಕದ ಕುರ್ಚಿ ಆತನದಾಯಿತು. ನಾನು ಹಳೆಯ ಡ್ರಾಯಿಂಗುಗಳ ಕೋಣೆ ನೋಡಿಕೊಳ್ಳುವವಳಾದೆ.

ಎರಡು ಸಾವಿರದ ಹನ್ನೆರಡು, ಆಡಿ ತಿಂಗಳು, ಅಂದರೆ ನಮ್ಮ ಆಷಾಢ. ಮುದಲಾಳಿಯ, ಅಂದರೆ ಕಂಪನಿ ಮಾಲೀಕರ, ಮಗಳು ಇಂದುಮತಿ ಮೇಡಂ ಡಿಸೈನ್ ವಿಭಾಗ ವಹಿಸಿಕೊಂಡರು. ಇದೇ ಊರಲ್ಲಿ ಎಂಜಿನಿಯರಿಂಗ್ ಓದಿದವರು, ಚುರುಕು, ಮಾತು ಕಡಿಮೆ. ಮೊದಲ ದಿನವೇ ಎಲ್ಲರನ್ನೂ ನಿಲ್ಲಿಸಿ ಹೇಳಿದರು.

“ದೀಪಾವಳಿ ಆದ್ಮೇಲೆ ಈ ಹಾಲಲ್ಲಿ ಚಪ್ಪಟೆ ಡ್ರಾಯಿಂಗ್ ಇರಲ್ಲ. ಎಲ್ಲಾ ತ್ರೀಡಿ ಮಾಡೆಲ್. ಅಷ್ಟರೊಳಗೆ ಒಬ್ಬೊಬ್ರೂ ಒಂದು ಕೇಸಿಂಗ್ ಸ್ವಂತವಾಗಿ ಮಾಡಿ ತೋರಿಸ್ಬೇಕು. ಆಗ್ದಿದ್ದವರಿಗೆ ಡಿಸ್ಪ್ಯಾಚಲ್ಲಿ ಜಾಗ ಇದೆ.”

ಕೇಸಿಂಗ್ ಅಂದರೆ ಪಂಪಿನ ಹೊರಮೈ, ಒಳಗೆ ನೀರು ಸುತ್ತಿ ಹೋಗುವ ಬಸವನಹುಳುವಿನಂಥ ಕವಚ. ಡಿಸ್ಪ್ಯಾಚ್ ಅಂದರೆ ಕೆಳಗಿನ ಅಂಗಳ. ವೇಲಣ್ಣನ ಅಪ್ಪ ಹೊರೆ ಹೊತ್ತ ಅಂಗಳ. ವೇಲಣ್ಣನ ಮುಖ ನೋಡಲಾಗಲಿಲ್ಲ. ನಿವೃತ್ತಿಗೆ ಇನ್ನು ನಾಲ್ಕೇ ವರ್ಷ ಇತ್ತು.

“ಆಗುತ್ತೆ ಬಿಡಿ ಅಣ್ಣಾ,” ಅಂದೆ ಟೀ ಕುಡಿಯುವಾಗ. “ಕಂಪ್ಯೂಟರ್ ನಿಮಗೆ ಹೊಸದಾ?”

“ಅಪ್ಪನ ಹೆಗಲು ನೀನು ನೋಡಿಲ್ಲ ಅಮ್ಮಣಿ. ಹೊತ್ತು ಹೊತ್ತು ದಡ್ಡುಗಟ್ಟಿ ಕಲ್ಲಾಗಿತ್ತು. ಅಲ್ಲಿಗೆ ಮಾತ್ರ ನಾನು ಇಳಿಯಲ್ಲ. ಸತ್ರೂ ಇಳಿಯಲ್ಲ.”

ಆದರೆ ಆಗಲಿಲ್ಲ. ಈ ಹೊಸದರಲ್ಲಿ ಗೆರೆ ಎಳೆದರೆ ಸಾಲದು, ಪ್ರತಿ ಗೆರೆಗೂ ಸಂಬಂಧ ಹೇಳಬೇಕು. ಇದು ಅದಕ್ಕೆ ಸಮಾನಾಂತರ, ಇದು ಅದರ ಮಧ್ಯಕ್ಕೆ ಅಂಟಿರಬೇಕು, ಇದು ಬೆಳೆದರೆ ಅದೂ ಬೆಳೆಯಬೇಕು. ಸಂಬಂಧ ಸಾಲದಿದ್ದರೆ ಗೆರೆ ನೀಲಿ, ಸರಿಯಾಗಿದ್ದರೆ ಕಪ್ಪು, ಹೆಚ್ಚಾಗಿ ಜಗಳ ಬಿದ್ದರೆ ಕೆಂಪು. ಪರದೆಯ ಎಡಕ್ಕೆ ಒಂದು ಪಟ್ಟಿ. ಮಾಡಿದ ಕೆಲಸವೆಲ್ಲ ಮೇಲಿಂದ ಕೆಳಕ್ಕೆ ಸಾಲಾಗಿ ನಿಲ್ಲುತ್ತದೆ, ಮೇಲಿನ ಒಂದನ್ನು ಮುಟ್ಟಿದರೆ ಕೆಳಗಿನವೆಲ್ಲ ಅಲುಗುತ್ತವೆ. ಕಲಿಸಲು ಕೃತ್ತಿಕಾ ಅಂತ ಇಪ್ಪತ್ತಮೂರರ ಎಂಜಿನಿಯರ್ ಹುಡುಗಿ ಇದ್ದಳು. ಕೆಟ್ಟವಳಲ್ಲ, ತಾಳ್ಮೆ ಮಾತ್ರ ಕಡಿಮೆ.

“ಸಾರ್, ನೀವು ಇನ್ನೂ ಬೋರ್ಡ್ ಮೇಲೇ ಬರೀತಾ ಇದೀರ. ಗೆರೆನ ಸುಮ್ನೆ ಇಡಬೇಡಿ, ಕಟ್ಟಿ.”

“ಗೆರೆಗೆ ಯಾಕಮ್ಮಾ ನೆಂಟಸ್ತನ? ಇಲ್ಲಿರು ಅಂದ್ರೆ ಇರಬೇಕಪ್ಪ ಅದು!”

“ನಿಮ್ಮನೇಲಿ ಯಾರಾದ್ರೂ ನೀವು ಹೇಳ್ದಂಗೆ ಇರ್ತಾರಾ ಅಣ್ಣಾ?” ಅಂದೆ ನಾನು. ಹಾಲಿನಲ್ಲಿದ್ದವರೆಲ್ಲ ನಕ್ಕರು, ಆತನೂ ನಕ್ಕ. ಆ ಹೊತ್ತಿಗೆ ಇನ್ನೂ ನಗು ಇತ್ತು.

ಬೆಳಿಗ್ಗೆ ಆರೂವರೆಗೇ ಬರತೊಡಗಿದ. ಅದು ತಮಿಳುನಾಡಿನಲ್ಲಿ ಗಂಟೆ ಬಿಟ್ಟು ಗಂಟೆ ಕರೆಂಟು ಹೋಗುತ್ತಿದ್ದ ವರ್ಷ. ಜನರೇಟರ್ ಫೌಂಡ್ರಿಗೆ ಮಾತ್ರ, ನಮ್ಮ ಹಾಲಿನ ಬ್ಯಾಟರಿ ಹತ್ತು ನಿಮಿಷ ಉಸಿರಾಡಿ ಸಾಯುತ್ತಿತ್ತು. ಬೀಗದ ಕೈ ನನ್ನ ಹತ್ತಿರ ಇದ್ದದ್ದರಿಂದ ನಾನೂ ಆರೂವರೆಗೇ ಹೋಗುತ್ತಿದ್ದೆ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು, ಕೃತ್ತಿಕಾ ಹೇಳಿಕೊಟ್ಟಿದ್ದನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ತಮಿಳಿನಲ್ಲಿ ಬರೆದಿಟ್ಟುಕೊಂಡು, ಆತ ಮರೆತಾಗ ಓದಿ ಹೇಳುತ್ತಿದ್ದೆ. ಎರಡು ಗಂಟೆ ಕಷ್ಟಪಟ್ಟು ಕೂಡಿಸಿದ್ದು ಉಳಿಸುವ ಮೊದಲೇ ಕರೆಂಟಿನ ಜೊತೆ ಹೋದ ದಿನಗಳು ಎಷ್ಟೋ. ಆಗ ಆತ ಕಪ್ಪು ಪರದೆಯನ್ನೇ ನೋಡುತ್ತ ಕೂತಿರುತ್ತಿದ್ದ. ‘ಉಳಿಸಿ ಅಣ್ಣಾ, ಆಗಾಗ ಉಳಿಸಿ’ ಅಂತ ಬಡಕೊಂಡರೆ, ‘ಪೆನ್ಸಿಲ್ ಗೆರೆನ ಯಾರಮ್ಮಣಿ ಉಳಿಸ್ತಾರೆ, ಅದು ಇರುತ್ತಲ್ಲ’ ಅನ್ನುತ್ತಿದ್ದ.

ಅಂತೂ ಸೆಪ್ಟೆಂಬರ್ ಕೊನೆಗೆ, ಪುರಟಾಸಿ ತಿಂಗಳಲ್ಲಿ, ಒಂದು ಕೇಸಿಂಗ್ ಆಯಿತು. ನಿಜ ಹೇಳುತ್ತೇನೆ, ಕೃತ್ತಿಕಾ ಮಾಡಿದ್ದಕ್ಕಿಂತ ಚಂದ. ಬೆರಳಲ್ಲಿ ತಿರುಗಿಸಿದಂತೆ ಪರದೆಯ ಮೇಲೆ ತಿರುಗುತ್ತಿತ್ತು. ಮೇಡಂ ಬಂದರು, ನೋಡಿದರು, ತಲೆಯಾಡಿಸಿದರು.

“ಇನ್ಲೆಟ್ ಎಂಬತ್ತಿದೆಯಲ್ಲ ಸಾರ್, ನೂರು ಮಾಡಿ.”

ನೀರು ಒಳಗೆ ಬರುವ ಬಾಯಿ ಎಂಬತ್ತು ಮಿಲಿಮೀಟರ್ ಇತ್ತು. ವೇಲಣ್ಣ ನೂರು ಅಂತ ಒತ್ತಿದ. ಎಡಗಡೆಯ ಪಟ್ಟಿ ಮೇಲಿಂದ ಕೆಳಗಿನ ತನಕ ಕೆಂಪಾಯಿತು. ಬಾಯಿ ಹಿಗ್ಗಿ ಗೋಡೆಯೊಳಗೆ ನುಗ್ಗಿತು, ಪೈಪಿಗೆ ಬೋಲ್ಟು ಬಿಗಿಯುವ ಅಂಚು, ಫ್ಲೇಂಜ್, ಎಲ್ಲೋ ಗಾಳಿಯಲ್ಲಿ ನಿಂತಿತು, ನೀರನ್ನು ತಿರುಗಿಸುವ ಒಳಗಿನ ನಾಲಿಗೆ ಹೊರಗೆ ಚಾಚಿಕೊಂಡಿತು. ಒಂದು ಗೆರೆಯನ್ನೂ ಆತ ಇನ್ನೊಂದಕ್ಕೆ ಕಟ್ಟಿರಲಿಲ್ಲ. ಎಲ್ಲವನ್ನೂ ಲೆಕ್ಕ ಹಾಕಿ, ಬೋರ್ಡಿನ ಮೇಲೆ ಇಡುವಂತೆ, ಅದರದರ ಜಾಗದಲ್ಲಿ ಇಟ್ಟಿದ್ದ.

“ಇದು ಮಾಡೆಲ್ ಅಲ್ಲ ಸಾರ್,” ಮೇಡಂ ಮೆಲ್ಲಗೇ ಹೇಳಿದರು. “ಇದೂ ಚಿತ್ರನೇ. ಎಂಬತ್ತರಲ್ಲಿ ಸರಿಯಿದೆ, ನೂರಕ್ಕೆ ಬರಲ್ಲ. ನೂರರದ್ದಕ್ಕೇ ಅರವತ್ತು ಪಂಪಿಗೆ ಆರ್ಡರ್ ಬಂದಿದೆ. ಹತ್ತು ದಿನ ಕೊಡ್ತೀನಿ. ಅದೇ ನಿಮ್ಮ ಪರೀಕ್ಷೆ.”

ಆ ಹತ್ತು ದಿನ ನನಗೆ ಇವತ್ತೂ ಬೇಡ. ಆತ ಹೊಸದಾಗಿ ಶುರುಮಾಡುತ್ತಿದ್ದ, ಕೆಂಪಾಗುತ್ತಿತ್ತು, ಅಳಿಸುತ್ತಿದ್ದ. ಒಂದು ಕಡೆ ಕಟ್ಟಿದರೆ ಇನ್ನೊಂದು ಕಡೆ ಹರಿಯುತ್ತಿತ್ತು. ಮಧ್ಯಾಹ್ನಕ್ಕೆ ತಂದ ಅರಿಸಿಪರುಪ್ಪು ಸಾದ, ಅಕ್ಕಿ-ಬೇಳೆಯ ಅನ್ನ, ಡಬ್ಬಿಯಲ್ಲೇ ಮನೆಗೆ ವಾಪಸ್ಸು ಹೋಗುತ್ತಿತ್ತು. ಶನಿವಾರ ಮರುದಮಲೆ ಬೆಟ್ಟದ ದೇವಸ್ಥಾನದ ಮೆಟ್ಟಿಲು ಬರಿಗಾಲಲ್ಲಿ ಹತ್ತಿ ಬಂದ. ಏಳನೇ ದಿನ ಕೃತ್ತಿಕಾ ಹತ್ತಿರ ಬಂದು, “ನಾನು ಮಾಡಿಕೊಡ್ಲಾ ಸಾರ್?” ಅಂದಳು. “ಬೇಡ ಕಣಮ್ಮಾ, ಪರೀಕ್ಷೆ ನನ್ನದು” ಅಂದ. ಎಂಟನೇ ದಿನ ಹಳೆಯ ಡ್ರಾಯಿಂಗುಗಳ ಕೋಣೆಗೆ ಬಂದು, ಬಾಗಿಲು ಹಾಕಿಕೊಂಡು, ಸುರುಳಿಗಳ ನಡುವೆ ಕುಸಿದು ಕೂತು ಅತ್ತ.

“ಬರ್ತಾ ಇಲ್ಲ ಅಮ್ಮಣಿ. ಕಣ್ಣು ಮುಚ್ಚಿದ್ರೆ ಇಡೀ ಪಂಪು ಕಾಣುತ್ತೆ, ಒಳಗೂ ಕಾಣುತ್ತೆ, ಹೊರಗೂ ಕಾಣುತ್ತೆ. ಅಲ್ಲಿ ಕೂತ್ರೆ ಏನೂ ಇಲ್ಲ. ನಾನು ದಡ್ಡನಾಗಿಬಿಟ್ನಾ?”

ಐವತ್ತನಾಲ್ಕು ವರ್ಷದ ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ನೀರು ಕೊಟ್ಟೆ.

ಹತ್ತನೇ ದಿನ ಬೆಳಿಗ್ಗೆ ಮತ್ತೆ ಅದೇ ಎಂಬತ್ತರ ಕೇಸಿಂಗ್ ತೆರೆದು ಕೂತಿದ್ದ. ಹತ್ತು ಗಂಟೆಗೆ ಕರೆಂಟು ಹೋಗುವುದು, ಅಷ್ಟರೊಳಗೆ ಮೇಡಂ ಸಹಿಗೆ ಪ್ರಿಂಟು ಕೊಡಬೇಕು. ಒಂಬತ್ತೂವರೆ ಆಗಿತ್ತು. ಆತ ಮೌಸು ಹಿಡಿಯುತ್ತಿದ್ದ, ಬಿಡುತ್ತಿದ್ದ, ಮತ್ತೆ ಹಿಡಿಯುತ್ತಿದ್ದ. ನನಗೆ ತಡೆಯಲಾಗಲಿಲ್ಲ.

“ಅಣ್ಣಾ, ಅಂಕಿ ಬದಲಾಯಿಸ್ಬಿಡಿ.”

“ಏನಂದೆ?”

“ಅಂಕಿ ಬದಲಾಯಿಸಿ ಅಡಿಗೆರೆ ಹಾಕಿ ಅಂದೆ. ನಾವು ಯಾವತ್ತು ಗೆರೆ ಬದಲಾಯಿಸಿದ್ವಿ? ಆಸಾರಿಗೆ ಗೊತ್ತಿಲ್ವಾ? ಅಂಕಿ ನೋಡಿ ಕೆತ್ತುತ್ತಾರೆ. ಕೇಸಿಂಗ್ ಸರಿಯಾಗೇ ಬರುತ್ತೆ. ಈ ಮಾಡೆಲ್ಲನ್ನ ಆಮೇಲೆ ನಿಧಾನಕ್ಕೆ ಸರಿಮಾಡ್ಕೊಳ್ಳಿ.”

“ಇದು ಅದಲ್ಲ ಅಮ್ಮಣಿ...”

“ಯಾವುದು ಅದಲ್ಲ? ಅಂಗಳಕ್ಕೆ ಇಳೀತೀರಾ ಹಾಗಾದ್ರೆ?”

ಆ ಮಾತು ಆಡಬಾರದಿತ್ತು. ಆಡಿದೆ. ಆತ ಮಾಡೆಲ್ಲಿನಿಂದ ತೆಗೆದ ಡ್ರಾಯಿಂಗ್ ಹಾಳೆ ತೆರೆದು, ಎಂಬತ್ತನ್ನು ಅಳಿಸಿ ನೂರು ಅಂತ ಒತ್ತಿ, ಕೆಳಗೆ ಗೆರೆ ಹಾಕಿದ. ಫ್ಲೇಂಜಿನ ಅಳತೆ, ಬೋಲ್ಟುಗಳು ಕೂರುವ ಸುತ್ತಿನ ಅಳತೆ, ಹೀಗೆ ಒಟ್ಟು ಐದು ಅಂಕಿ, ಐದು ಅಡಿಗೆರೆ. ಪ್ರಿಂಟು ತೆಗೆದದ್ದು ನಾನು. ಮೇಡಂ ನೂರು ನೋಡಿದರು, ಸಹಿ ಹಾಕಿದರು, “ಕಲ್ತುಬಿಟ್ರಲ್ಲ ಸಾರ್!” ಅಂದರು. ಕಲಿತಿದ್ದಾನೆಂದು ನಂಬಿದ್ದರು, ಅಡಿಗೆರೆ ಗಮನಿಸಲಿಲ್ಲ, ಮಾಡೆಲ್ ತಿರುಗಿಸಿಯೂ ನೋಡಲಿಲ್ಲ. ಸಂಜೆ ಗೇಟಿನೆದುರಿನ ಬೇಕರಿಯಲ್ಲಿ ವೇಲಣ್ಣ ಎಲ್ಲರಿಗೂ ಬನ್ನು-ಜಾಮು ಕೊಡಿಸಿದ. ತಾನು ಮಾತ್ರ ತಿನ್ನಲಿಲ್ಲ.

ದೀಪಾವಳಿಗೆ ಒಂದು ವಾರ ಇರುವಾಗ ಅರವತ್ತು ಕೇಸಿಂಗ್ ಎರಕವಾಗಿ ಬಂದವು. ಆ ದಿನ ಹನ್ನೊಂದು ಗಂಟೆಗೆ ಆರುಚ್ಚಾಮಿ ಆಸಾರಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

“ಏನಪ್ಪಾ ವೇಲು, ಕೆಳಗೆ ಒಂದು ಕೇಸಿಂಗೂ ಲೇತ್ ಮೇಲೆ ಕೂರ್ತಾ ಇಲ್ಲ. ಲೇತ್‌ನವರ ಪ್ರಿಂಟಲ್ಲಿ ನೂರಿದೆ, ಎರಕ ಎಂಬತ್ತಿದೆ.”

ವೇಲಣ್ಣ ಎದ್ದು ನಿಂತ. “ಅಚ್ಚು ಕೆತ್ತಿದ್ದು ನೀನಲ್ವಾ ಆಸಾರಿ? ಅಡಿಗೆರೆ ನೋಡ್ಲಿಲ್ವಾ?”

“ನಾನೆಲ್ಲಿ ಕೆತ್ತಿದೆ ಸಾಮಿ? ನನ್ನ ಕೈಗೆ ಪ್ರಿಂಟೇ ಬಂದಿಲ್ಲ! ಈ ಸಲ ಮರ ಬೇಡ ಅಂದ್ರು. ಕಂಪ್ಯೂಟರ್ ಫೈಲು ಸೀದಾ ಹೊರಗಡೆ ಮಿಷನ್ನಿಗೆ ಹೋಯ್ತು, ಅದೇ ಅಚ್ಚು ಕೊರೀತು. ನಿಂಗೆ ಹೇಳ್ಲಿಲ್ವಾ?”

ಯಾರೂ ಹೇಳಿರಲಿಲ್ಲ. ಮಿಷನ್ನು ಅಂಕಿ ಓದುವುದಿಲ್ಲ, ಅಡಿಗೆರೆ ಅದಕ್ಕೆ ಗೊತ್ತಿಲ್ಲ. ಮಾಡೆಲ್ ಎಂಬತ್ತಿದ್ದರೆ ಎಂಬತ್ತೇ ಕೊರೆಯುತ್ತದೆ. ವೇಲಣ್ಣ ಕುರ್ಚಿಯ ಬೆನ್ನು ಹಿಡಿದುಕೊಂಡ.

ಮೇಡಂ ಕೋಣೆಗೆ ಕರೆದರು. ಹಳೆಯ ಪ್ರಿಂಟಿನ ಸುರುಳಿ ತಂದುಕೊಡಲು ನಾನೂ ಹೋಗಿದ್ದೆ.

“ಮಾಡೆಲ್ ಬದಲಾಗದೆ ಅಂಕಿ ಹೇಗೆ ಬದಲಾಯ್ತು ಸಾರ್? ನನ್ನ ಕೈಲಿ ಸುಳ್ಳಿಗೆ ಸಹಿ ಹಾಕಿಸಿದ್ರಲ್ಲ! ಯಾರು ಹೇಳಿಕೊಟ್ರು ನಿಮಗೆ ಇದನ್ನ?”

ನಾನು ಸುರುಳಿ ಅಪ್ಪಿಕೊಂಡು ನಿಂತಿದ್ದೆ. ಆತ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.

“ನನ್ನದೇ ಬುದ್ಧಿ ಮೇಡಂ. ಹಳೇ ಅಭ್ಯಾಸ.”

ನಾನು ಬಾಯಿ ಬಿಡಲಿಲ್ಲ. ಹಳೆಯ ಡ್ರಾಯಿಂಗುಗಳ ಕೋಣೆಯನ್ನು ಪೊಂಗಲ್ಲಿಗೆ ಮುಚ್ಚುತ್ತಾರೆ ಅಂತ ಸುದ್ದಿಯಿತ್ತು. ನನಗೂ ಎಲ್ಲಿ ಜಾಗವೋ ಗೊತ್ತಿರಲಿಲ್ಲ. ಇದು ನೆಪ ಅಂತ ನನಗೂ ಗೊತ್ತು. ಹೆದರಿದೆ, ಅಷ್ಟೇ.

ಮರುದಿನವೇ ವೇಲಣ್ಣನನ್ನು ಡಿಸ್ಪ್ಯಾಚಿಗೆ ಇಳಿಸಿದರು. ಅರವತ್ತು ಕೇಸಿಂಗುಗಳನ್ನು ಮತ್ತೆ ಕರಗಿಸಲು ಅಂಗಳದಲ್ಲೇ ಸುತ್ತಿಗೆಯಿಂದ ಒಡೆದರು. ಎರಡು ದಿನ ಆ ಸದ್ದು. ನಾವು ಮೇಲೆ ಕಿಟಕಿ ಮುಚ್ಚಿಕೊಂಡೆವು. ಆತ ಅಲ್ಲೇ, ಪಕ್ಕದಲ್ಲೇ, ಮರದ ಪೆಟ್ಟಿಗೆಗಳ ಮೇಲೆ ಪಂಪಿನ ಅಳತೆಯ ಅಂಕಿಗಳನ್ನು ತಗಡಿನ ಅಚ್ಚಿಟ್ಟು ಕಪ್ಪು ಬಣ್ಣದಲ್ಲಿ ಬಳಿಯುತ್ತಿದ್ದ. ‘ಸತ್ರೂ ಇಳಿಯಲ್ಲ’ ಅಂದವನು ಇಳಿದಿದ್ದ. ಸಾಯಲಿಲ್ಲ, ಮಾತು ಮಾತ್ರ ನಿಂತುಹೋಯಿತು.

ಹದಿನೈದು ದಿನ ನಾನು ಆ ಕಡೆ ಹೋಗಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಹೋದೆ. ನನ್ನನ್ನು ಕಂಡದ್ದೇ ತಡ, ಎಷ್ಟೋ ದಿನದಿಂದ ಕಾಯುತ್ತಿದ್ದವನಂತೆ ಒಡೆದ ಕೇಸಿಂಗಿನ ಒಂದು ಹೋಳನ್ನು ಎತ್ತಿ ತೋರಿಸಿದ.

“ಇಲ್ನೋಡು ಅಮ್ಮಣಿ. ಒಳಗೆ ನೋಡು. ನಾನು ಗೋಡೆಯಿಂದ ಶುರುಮಾಡ್ದೆ, ಅದೇ ತಪ್ಪು. ನೀರಿಂದ ಶುರುಮಾಡ್ಬೇಕಿತ್ತು! ಮೊದ್ಲು ನಡುಗೆರೆ. ಅದಕ್ಕೆ ನೀರು ಹೋಗೋ ದಾರಿ ಕಟ್ಟು. ಗೋಡೆ ಆ ದಾರಿ ಮೇಲೆ ಹೊದಿಸೋದು. ಫ್ಲೇಂಜು ಗೋಡೆಗೆ. ಬೋಲ್ಟು ಫ್ಲೇಂಜಿಗೆ. ಆಗ ನೀರು ಹಿಗ್ಗಿದ್ರೆ ಎಲ್ಲಾ ಹಿಗ್ಗುತ್ತೆ. ಯಾಕೆ ಕೆಂಪಾಗುತ್ತೆ? ಆಗಲ್ಲ!”

ಪೆಟ್ಟಿಗೆಯ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಎಲ್ಲ ಬರೆದು ತೋರಿಸಿದ. ಆತನ ಕಣ್ಣು ಹೊಳೆಯುತ್ತಿತ್ತು. ಅದು ಒಂದು ತಿಂಗಳು ಮೊದಲು ಬಂದಿದ್ದರೆ!

ಅದನ್ನು ನಾನು ಮಾಡಿ ತೋರಿಸುತ್ತೇನೆ, ಆತನನ್ನು ಮತ್ತೆ ಮೇಲೆ ಹತ್ತಿಸುತ್ತೇನೆ ಅಂತ ನಿಶ್ಚಯ ಮಾಡಿದೆ. ಸುಳ್ಳಲ್ಲ, ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಬೆಳಿಗ್ಗೆ ಆರೂವರೆಗೆ ಆತನ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಆತನಿಗಾಗಿ ಬರೆದ ನೋಟುಪುಸ್ತಕ ಇತ್ತು, ಆತನ ಪಕ್ಕ ಕೂತು ನೋಡಿದ ಮೂರು ತಿಂಗಳು ಇತ್ತು. ಮಧ್ಯಾಹ್ನ ಕೆಳಗೆ ಹೋಗಿ, ಸಿಕ್ಕಿಕೊಂಡಿದ್ದನ್ನು ಕೇಳಿ ಬರುತ್ತಿದ್ದೆ. ಆತ ಸೀಮೆಸುಣ್ಣದಲ್ಲಿ ಬಿಡಿಸಿಕೊಡುತ್ತಿದ್ದ. ಎಂಟು ದಿನಕ್ಕೆ ಕೇಸಿಂಗ್ ಆಯಿತು. ಎಂಬತ್ತನ್ನು ನೂರು ಮಾಡಿದೆ. ಎಲ್ಲವೂ ಮೆಲ್ಲಗೆ ಹಿಗ್ಗಿ ತಮ್ಮ ತಮ್ಮ ಜಾಗದಲ್ಲಿ ನಿಂತವು. ಒಂದು ಕೆಂಪೂ ಇರಲಿಲ್ಲ. ನಾನು ಅತ್ತುಬಿಟ್ಟೆ.

ಮೇಡಂ ಬಂದು ತಾವೇ ಮೌಸು ಹಿಡಿದರು. ನೂರು, ನೂರಿಪ್ಪತ್ತೈದು, ಅರವತ್ತೈದು. ಎಲ್ಲದಕ್ಕೂ ಕುಣಿಯಿತು.

“ಇದು ವೇಲಣ್ಣಂದು ಮೇಡಂ,” ಅಂದೆ. “ಪೂರ್ತಿ ಅವರ ಯೋಚನೆ. ಕೆಳಗೆ ಪೆಟ್ಟಿಗೆ ಮೇಲೆ ಬರೆದು ತೋರಿಸಿದ್ರು. ಅವರನ್ನ ಮೇಲೆ ಕರೆಸಿ.”

“ಅವರು ಮೌಸ್ ಮುಟ್ಟಿದ್ರಾ?”

“ಇಲ್ಲ.”

“ಮತ್ತೆ ನೀವೇ ಮಾಡಿದ್ದು.” ಅವರು ಫೈಲು ಉಳಿಸಿ ಮುಚ್ಚಿದರು. “ಬರದಿದ್ರೆ ಬರಲ್ಲ ಅಂತ ಹೇಳಿದ್ರೆ ಇನ್ನೊಂದು ತಿಂಗಳು ಕೊಡ್ತಿದ್ದೆ. ಸುಳ್ಳು ಅಂಕಿ ಬರೆದವರನ್ನ ಆ ಕುರ್ಚೀಲಿ ಮತ್ತೆ ಕೂರಿಸಲ್ಲ. ಸೌಡೇಶ್ವರಿಯಮ್ಮ, ನಿಮ್ಮ ಕೋಣೆ ಹೇಗೂ ಮುಚ್ತಾ ಇದೀವಿ. ಸೋಮವಾರದಿಂದ ನೀವಿಲ್ಲೇ ಕೂತ್ಕೊಳ್ಳಿ.”

ಹೇಳಬೇಕಾಗಿದ್ದದ್ದು ಆಗ. ಆ ಅಂಕಿ ನನ್ನದು, ಆತ ಬೇಡ ಅಂದಿದ್ದ, ಅಂಗಳದ ಹೆಸರು ಹೇಳಿ ಹೆದರಿಸಿದವಳು ನಾನು. ಇಷ್ಟೇ ಮಾತು. ಹೇಳಿದರೆ ಆತನಿಗೆ ಕುರ್ಚಿ ಸಿಗುತ್ತಿತ್ತೋ ಇಲ್ಲವೋ ಗೊತ್ತಿಲ್ಲ, ನನಗಂತೂ ಸಿಗುತ್ತಿರಲಿಲ್ಲ. ಮೇಡಂ ಬಾಗಿಲ ತನಕ ಹೋದರು. ಅಲ್ಲಿ ನಿಂತು ತಿರುಗಿ, “ಏನಾದ್ರೂ ಹೇಳೋದಿತ್ತಾ?” ಅಂದರು. “ಇಲ್ಲ ಮೇಡಂ” ಅಂದೆ.

ಸೋಮವಾರ ಕೂತೆ.

ವೇಲಣ್ಣನಿಗೆ ಸುದ್ದಿ ಮುಟ್ಟಿಸಲು ನನಗೆ ಮುಖವಿರಲಿಲ್ಲ, ಆಸಾರಿ ಹೇಳಿದರಂತೆ. ಕೇಳಿ ಆತ, “ಒಳ್ಳೇದಾಯ್ತು, ಅಮ್ಮಣಿಗೆ ಬೀದಿಪಾಲಾಗೋದು ತಪ್ತು” ಅಂದನಂತೆ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಮಾಡೆಲ್ಲಿನ ಅಳತೆಗೂ ಹೊರಡುವ ಪೆಟ್ಟಿಗೆಗೂ ತಾಳೆ ನೋಡಿ ಸಹಿ ಹಾಕುವುದು ಈಗ ನನ್ನ ಕೆಲಸದಲ್ಲೇ ಸೇರಿದೆ. ಪೊಂಗಲ್ ಕಳೆದ ಮೇಲೆ ಮೊದಲ ಸಲ ಅದಕ್ಕಾಗಿ ಕೆಳಗೆ ಹೋದೆ. ವೇಲಣ್ಣ ಮೊಳೆ ಹೊಡೆದ ಪೆಟ್ಟಿಗೆಯೊಂದರ ಮುಚ್ಚಳ ಎಬ್ಬಿಸಿ, ಹುಲ್ಲು ಸರಿಸಿ, ತನ್ನ ಹಳೆಯ ಕ್ಯಾಲಿಪರಿನಿಂದ ಪಂಪಿನ ಬಾಯಿ ಅಳೆಯುತ್ತಿದ್ದ. ಅಳೆದು, ಮುಚ್ಚಿ, ಮತ್ತೆ ಮೊಳೆ ಹೊಡೆದು, ಆಮೇಲೆ ಮೇಲೆ ಅಂಕಿ ಬಳಿದ. ಮುಂದಿನ ಪೆಟ್ಟಿಗೆಗೂ ಹಾಗೇ. ಹೊರೆಯವರು ನಗುತ್ತಿದ್ದರು. “ತಾತಾ, ಚೀಟೀಲಿ ನೂರು ಅಂತ ಬರೆದಿದೆ, ಬಳಿ ಸಾಕು! ಲಾರಿ ಕಾಯ್ತಾ ಇದೆ!”

“ಚೀಟಿ ಇದೆಯಲ್ಲ ಅಣ್ಣಾ,” ಅಂದೆ ನಾನೂ. “ಒಂದೊಂದನ್ನೂ ಯಾಕೆ ಬಿಚ್ತೀರಿ?”

ಆತ ಕ್ಯಾಲಿಪರ್ ಒರೆಸಿ ಜೇಬಿಗೆ ಇಟ್ಟ.

“ಅಂಕಿ ನಂಬೋಕಾಗಲ್ಲ ಅಮ್ಮಣಿ. ಯಾರು ಬರೆದಿರ್ತಾರೋ.”

ನಗುತ್ತಲೇ ಹೇಳಿದ, ನನ್ನ ಕಡೆ ನೋಡದೆ. ನಾನು ಚೀಟಿಗೆ ಸಹಿ ಹಾಕಿ, ಮೆಟ್ಟಿಲು ಹತ್ತಿ, ಕಿಟಕಿಯ ಪಕ್ಕ ಆತನ ಕುರ್ಚಿಯಲ್ಲಿ ಬಂದು ಕೂತೆ.